ವನಜಾಕ್ಷಿ ಮಿಸ್ಸಿನ ಕೈ

ಅರಸೀಕೆರೆಯ ಕಲ್ಯಾಣ ಮಂಟಪದಲ್ಲಿ ಮದುವೆ ಊಟ ಭರ್ಜರಿಯಾಗಿ ನಡೆದಿತ್ತು. ಕೋಸಂಬರಿ, ಪಲ್ಯ, ಉಪ್ಪಿನಕಾಯಿ ಎಲ್ಲ ಬಂದು, ಅನ್ನದ ಮೇಲೆ ತಿಳಿಸಾರು ಬಡಿಸಲು ನಾಲ್ಕು ಜನ ಬಕೆಟ್ಟು ಹಿಡಿದು ಹೊರಟಾಗ ವನಜಾಕ್ಷಿ ಮಿಸ್ಸು ಮಾತ್ರ ತಲೆ ತಗ್ಗಿಸಿ ಎಲೆಯನ್ನೇ ನೋಡುತ್ತಾ ಕೂತುಬಿಟ್ಟರು.

"ನೋಡು ನೋಡು, ನಿನ್ನ ಸೈನ್ಯ ಬಂತು," ಎಂದು ಪಕ್ಕದಲ್ಲಿದ್ದ ಗಂಡ ರುದ್ರೇಶಪ್ಪ ಮೊಣಕೈಯಿಂದ ತಿವಿದರು. ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿ ರಿಟೈರಾದ ಮನುಷ್ಯ, ತಮಾಷೆಗೆ ಹೊತ್ತುಗೊತ್ತು ನೋಡುವವರಲ್ಲ.

"ಸುಮ್ನೆ ಊಟ ಮಾಡ್ರೀ. ನಾಚಿಕೆ ಆಗುತ್ತೆ."

ನಾಚಿಕೆಗೆ ಕಾರಣ ಇಷ್ಟು. ಬಡಿಸುವ ನಾಲ್ವರೂ ಸೌಟು ಎತ್ತಿದಾಗ ನಾಲ್ವರ ಬಲಗೈ ಕಿರುಬೆರಳೂ ಆಚೆಗೆ ನಿಗುರಿ ನಿಂತಿತ್ತು. ಅದು ವನಜಾಕ್ಷಿ ಮಿಸ್ಸಿನ ಬೆರಳು. ಏಳು ವರ್ಷದವರಿದ್ದಾಗ ರೈಲ್ವೆ ಕ್ವಾರ್ಟರ್ಸಿನ ಬಾಗಿಲ ಸಂದಿಗೆ ಸಿಕ್ಕಿ ನಜ್ಜಾಗಿ, ಅಂದಿನಿಂದ ಮಡಚುವುದಿಲ್ಲ. ಏನು ಹಿಡಿದರೂ ಅದೊಂದು ಬೆರಳು ಮಾತ್ರ ಮುನಿದ ಸೊಸೆಯ ಹಾಗೆ ದೂರ ನಿಲ್ಲುತ್ತದೆ. ಈಗ ಬೀದರಿನಿಂದ ಚಾಮರಾಜನಗರದವರೆಗೆ, ಮೂವತ್ತು ದಾಟದ ಯಾರ ಕೈಗೆ ಚಮಚ ಕೊಟ್ಟರೂ ಕಿರುಬೆರಳು ಹಾಗೇ ಎದ್ದು ನಿಲ್ಲುತ್ತದೆ! ಅವರ ಬೆರಳಿಗೇನೂ ಆಗಿಲ್ಲ, ಬಾಗಿಲಿಗೆ ಸಿಕ್ಕಿದ್ದು ಮಿಸ್ಸಿನದು.

ಎಲ್ಲ ಆ ಗ್ಲೌಸಿನ ಮಹಿಮೆ. ಇಲಾಖೆಯ ಕಾಗದಪತ್ರಗಳಲ್ಲಿ ಅದಕ್ಕೆ 'ಹಸ್ತಸ್ಮೃತಿ' ಎಂಬ ಭಾರಿ ಹೆಸರಿದೆ. ಶಾಲೆಯ ಮಕ್ಕಳು ಗ್ಲೌಸು ಅಂತಲೇ ಅನ್ನುವುದು. ಮೊಣಕೈವರೆಗೆ ಬರುವ ತೆಳ್ಳನೆಯ ಕೈಗವಸು, ಒಳಗೆಲ್ಲ ಕೂದಲಿನಂಥ ತಂತಿಗಳು. ಒಬ್ಬರು ಅದನ್ನು ಹಾಕಿಕೊಂಡು ಕೆಲಸ ಮಾಡಿದರೆ ಯಾವ ಸ್ನಾಯು ಯಾವಾಗ ಎಷ್ಟು ಬಿಗಿಯಿತು ಎನ್ನುವುದೆಲ್ಲ ದಾಖಲಾಗುತ್ತದೆ. ಇನ್ನೊಬ್ಬರು ಹಾಕಿಕೊಂಡರೆ ಅದೇ ಸ್ನಾಯುಗಳಿಗೆ ಸಣ್ಣಗೆ ಮಿಡಿದು, ಅವರ ಕೈಯಿಂದಲೂ ಆ ಕೆಲಸವನ್ನೇ ಮಾಡಿಸುತ್ತದೆ. ಏಳು ಸಲ ಮಾಡಿಸಿದರೆ ಸಾಕು, ಗ್ಲೌಸು ಬಿಚ್ಚಿದ ಮೇಲೂ ಕೈಗೆ ನೆನಪಿರುತ್ತದೆ. ಹದಿನೆಂಟು ವರ್ಷದ ಹಿಂದೆ ಪ್ರಾಥಮಿಕ ಶಾಲೆಯ ನೂರ ಹನ್ನೆರಡು ವಿಜ್ಞಾನ ಪ್ರಯೋಗಗಳನ್ನು ಹೀಗೆ ದಾಖಲು ಮಾಡಿ ಇಡೀ ರಾಜ್ಯದ ಶಾಲೆಗಳಿಗೆ ಕೊಟ್ಟರು. ಲ್ಯಾಬು ಬೇಡ, ಸಾಮಾನಿಲ್ಲದಿದ್ದರೂ ಬರಿಗಾಳಿಯಲ್ಲೇ ಕೈ ಆಡಿಸಿದರೆ ಸಾಕು, ಗಾಜು ಒಡೆಯುವ ಭಯ ಬೇಡ, ಸುಟ್ಟುಕೊಳ್ಳುವ ಭಯ ಬೇಡ. ಕುಗ್ರಾಮದ ಶಾಲೆಯ ಮಗುವೂ ನಗರದ ಮಗುವಿನ ಸಮಕ್ಕೆ ಪ್ರಯೋಗ ಮಾಡಿತು. ಆ ನೂರ ಹನ್ನೆರಡಕ್ಕೂ ಕೈ ಕೊಟ್ಟವರು ಅರಸೀಕೆರೆ ರೈಲ್ವೆ ಕಾಲನಿ ಶಾಲೆಯ ವನಜಾಕ್ಷಿ ಮಿಸ್ಸು. ಆಗ ಊರಲ್ಲಿ ಅವರಿಗೆ ಶಾಲು, ಹಾರ, ಮೈಸೂರು ಪೇಟ ಏನೇನು ಸನ್ಮಾನ!

ಸಾರು ಬಡಿಸುತ್ತಿದ್ದವನ ಬಕೆಟ್ಟಿನ ಹಿಡಿ ಒಂದು ಕಡೆ ಕಳಚಿಕೊಂಡಿತು. ಕೊಕ್ಕೆಯನ್ನು ಮತ್ತೆ ಸಿಕ್ಕಿಸಿದರೆ ಮುಗಿಯುವ ಕೆಲಸ. ಅವನು ಬಕೆಟ್ಟನ್ನು ನೆಲಕ್ಕಿಟ್ಟು ಎರಡೂ ಕೈ ಇಳಿಬಿಟ್ಟು ನಿಂತುಬಿಟ್ಟ. ಪಂಕ್ತಿಯ ಕೊನೆಯಲ್ಲಿದ್ದ ಎಪ್ಪತ್ತರ ಮುದುಕರೊಬ್ಬರು ಎಂಜಲು ಕೈಯಲ್ಲೇ ಎದ್ದು ಬಂದು, ಎಡಗೈಯಿಂದ ಕೊಕ್ಕೆ ಸಿಕ್ಕಿಸಿಕೊಟ್ಟು ಹೋದರು. ಅದು ಯಾರಿಗೂ ವಿಶೇಷ ಅನ್ನಿಸಲಿಲ್ಲ. ಈಗ ಕೊಳಾಯಿ ಸೋರಿದರೆ, ಮಿಕ್ಸಿ ನಿಂತರೆ, ಕೊಡೆಯ ಕಡ್ಡಿ ತಿರುಚಿದರೆ ಕರೆಯುವುದು ವಯಸ್ಸಾದವರನ್ನೇ. ಊರಲ್ಲಿ ಅರವತ್ತು ದಾಟಿದವರಿಗೂ ಪುರುಸೊತ್ತೇ ಇಲ್ಲ.

ಮಿಸ್ಸಿಗೆ ಮಾತ್ರ ಆ ಇಳಿಬಿದ್ದ ಕೈಗಳನ್ನು ನೋಡಿ ಊಟ ಸೇರಲಿಲ್ಲ. ಮನೆಯಲ್ಲೂ ಅಂಥವೇ ಎರಡು ಕೈ ಇದ್ದವು.

ಮಗಳು ಅಳಿಯ ಇಬ್ಬರೂ ಅದೇ ಊರಿನ ಆಸ್ಪತ್ರೆಯಲ್ಲಿ ಕೆಲಸದವರು, ಒಂದೇ ಮನೆ. ಮೊಮ್ಮಗಳು ಇಂಚರ ನಾಲ್ಕನೇ ಕ್ಲಾಸು. ಮಾತಿನಲ್ಲಿ ಪಟಾಕಿ. ಗ್ಲೌಸಿನ ಪರೀಕ್ಷೆಯಲ್ಲಿ ಯಾವಾಗಲೂ ಮೊದಲು. ಮದುವೆಯಿಂದ ಬಂದ ಸಂಜೆ ಅಂಗಳದಲ್ಲಿ ಅವಳ ಸೈಕಲ್ಲಿನ ಚೈನು ಕಳಚಿತು. ಮಿಸ್ಸು ಕಿಟಕಿಯಿಂದ ನೋಡುತ್ತಲೇ ಇದ್ದರು. ಹುಡುಗಿ ಬಗ್ಗಿ ಚೈನನ್ನು ಒಂದು ಸಲ ಎತ್ತಿದಳು, ಅದು ಹಲ್ಲಿಗೆ ಕೂರಲಿಲ್ಲ. ಅಷ್ಟೇ. ಅಲ್ಲೇ ಕಟ್ಟೆಯ ಮೇಲೆ ಕೂತು ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಳು.

ಅದು ಗ್ಲೌಸು ಕಲಿಸಿದ ಅಭ್ಯಾಸ. ಕೈ ಸ್ವಲ್ಪ ದಾರಿ ತಪ್ಪಿದರೂ ಗ್ಲೌಸು ಮೆತ್ತಗಾಗಿಬಿಡುತ್ತದೆ. ಆಗ ಕೈ ಇಳಿಸಿ ತೊಡೆಯ ಮೇಲಿಡಬೇಕು, ಅದು ಮತ್ತೆ ಮೊದಲಿನಿಂದ ಶುರುಮಾಡುತ್ತದೆ.

ಮಿಸ್ಸು ಹೊರಗೆ ಬಂದು ಪಕ್ಕದಲ್ಲಿ ಕೂತರು. "ಯಾಕೇ ಮಗಳೇ, ಇನ್ನೊಂದ್ಸಲ ನೋಡು."

"ನೋಡ್ದೆ ಅಜ್ಜಿ. ಬರಲಿಲ್ಲ."

"ಒಂದು ಸಲಕ್ಕೆ ಬರಲ್ಲ ಕಣೇ ಅದು. ಹಿಂದಕ್ಕೆ ತಿರುಗಿಸಿ ನೋಡು, ಪಕ್ಕದಿಂದ ನೋಡು. ಮಸಿ ಆದ್ರೆ ಆಗ್ಲಿ."

"ಬರಲಿಲ್ಲ ಅಂದ್ನಲ್ಲ," ಎಂದಳು ಇಂಚರ. ಆಮೇಲೆ ಅಜ್ಜಿಯ ಬಲಗೈಯನ್ನು ಎತ್ತಿ ತನ್ನ ಕೈಯ ಮೇಲೆ ಇಟ್ಟುಕೊಂಡು, "ನೀನೇ ಮಾಡ್ಸು," ಎಂದು ಸಡಿಲ ಬಿಟ್ಟಳು. ಒಂಬತ್ತು ವರ್ಷದ ಕೈ, ಬೆಂದ ಬದನೆಕಾಯಿಯ ಹಾಗೆ ಜೋತುಬಿದ್ದಿತ್ತು.

ಮಕ್ಕಳ ಕೈಗಳು ಹಿಂದೆಂದೂ ಹೀಗಿರಲಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗ್ಲೌಸಿಗಿಂತ ಮುಂಚೆ ಹದಿನೆಂಟು ವರ್ಷ ಅವರು ರೈಲ್ವೆ ಕಾಲನಿ ಶಾಲೆಯಲ್ಲಿ ವಿಜ್ಞಾನ ಕಲಿಸಿದವರು. ಊರಿನವರು 'ಗುಜರಿ ಮಿಸ್ಸು' ಅಂತಲೇ ಕರೆಯುತ್ತಿದ್ದರು. ಶಾಲೆಯಲ್ಲಿ ಲ್ಯಾಬಿನ ಹೆಸರಿಗೆ ಬೀಗ ಹಾಕಿದ ಒಂದು ಬೀರು ಇತ್ತು, ಬೀಗದ ಕೈ ಕಳೆದು ಎಷ್ಟೋ ಕಾಲವಾಗಿತ್ತು. ಹಾಗಾಗಿ ಮಕ್ಕಳೇ ಮನೆಯಿಂದ ಸಾಮಾನು ತರಬೇಕು. ಶನಿವಾರ ಬೆಳಿಗ್ಗೆ ಅವರು ಬರುವ ಚಂದ ನೋಡಬೇಕಿತ್ತು! ಒಬ್ಬಳು ಹರಿದ ಹವಾಯಿ ಚಪ್ಪಲಿ ತರುತ್ತಿದ್ದಳು, ಅದನ್ನು ದುಂಡಗೆ ಕತ್ತರಿಸಿದರೆ ಗಾಡಿಯ ಚಕ್ರ. ಒಬ್ಬ ಕಾಂಪೌಂಡರನ್ನು ಕಾಡಿ ಬೇಡಿ ಹಳೆ ಸಿರಿಂಜು ತಂದು ಗೆಳೆಯರ ಕಿವಿಗೆಲ್ಲ ನೀರು ಹಾರಿಸುತ್ತಿದ್ದ. ಖಾಲಿ ರೀಫಿಲ್ಲು, ಸೈಕಲ್ಲಿನ ಕಡ್ಡಿ, ಸೋಡಾ ಮುಚ್ಚಳ, ಕೆಟ್ಟ ಫ್ಯಾನಿನೊಳಗಿನ ತಾಮ್ರದ ತಂತಿ. ಕ್ಲಾಸೆಂಬುದು ಸಂತೆಯಾಗಿ ಪಕ್ಕದ ಕ್ಲಾಸಿನ ಮೇಷ್ಟ್ರು ದಿನಾ ಬಂದು ಬೈದು ಹೋಗುತ್ತಿದ್ದರು. ಹತ್ತು ಮಾಡಿದರೆ ಎಂಟು ಕೆಡುತ್ತಿದ್ದವು. ಕೆಟ್ಟದ್ದರ ಸುತ್ತ ಮಕ್ಕಳು ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮುತ್ತಿ, ಜಗಳವಾಡಿ, ಬೆರಳು ಕುಯ್ದುಕೊಂಡು, ಕೊನೆಗೆ ಏನೋ ಒಂದು ಮಾಡಿಕೊಳ್ಳುತ್ತಿದ್ದರು. ಆ ದಿನಗಳನ್ನು ನೆನೆಸಿಕೊಂಡರೆ ಮಿಸ್ಸಿಗೆ ಈಗಲೂ ಸುಟ್ಟ ತಂತಿಯ ವಾಸನೆ ಮೂಗಿಗೆ ಬಡಿಯುತ್ತದೆ, ಕಣ್ಣು ಮಂಜಾಗುತ್ತದೆ.

ಆದರೆ ವರ್ಷಕ್ಕೊಮ್ಮೆ ಇನ್ಸ್‌ಪೆಕ್ಟರು ಬರುವ ದಿನ ಈ ಯಾವುದೂ ನಡೆಯುತ್ತಿರಲಿಲ್ಲ. ಹಳೆ ಮೇಷ್ಟ್ರುಗಳಿಗೆಲ್ಲ ಗೊತ್ತಿರುವ ವಿದ್ಯೆ ಅದು. ಒಂದು ವಾರ ಮುಂಚಿನಿಂದ ಒಂದೇ ಪಾಠವನ್ನು ತಿಕ್ಕಿ ತೊಳೆದು ಇಟ್ಟುಕೊಳ್ಳುವುದು. ಯಾವ ಪ್ರಶ್ನೆಗೆ ಯಾರು ಕೈ ಎತ್ತಬೇಕು, ಗೊತ್ತಿಲ್ಲದವರು ಎಡಗೈ ಎತ್ತಬೇಕು, ಗೊತ್ತಿದ್ದವರು ಬಲಗೈ. ಹತ್ತು ಸಲ ಮಾಡಿ ಪಳಗಿದ ಪ್ರಯೋಗವನ್ನು ಅವತ್ತೇ ಮೊದಲ ಸಲ ಮಾಡುವವರ ಹಾಗೆ ಮಾಡಿ ತೋರಿಸುವುದು. ಇನ್ಸ್‌ಪೆಕ್ಟರಿಗೂ ಅದು ಗೊತ್ತು, ಅವರೂ ಒಂದು ಕಾಲದ ಮೇಷ್ಟ್ರೇ ತಾನೆ. ಗುಡ್ ಅಂತ ಬರೆದು ಕಾಫಿ ಕುಡಿದು ಹೋಗುತ್ತಿದ್ದರು.

ಮೈಸೂರಿನ ಪ್ರಯೋಗಾಲಯಕ್ಕೆ ದಾಖಲು ಮಾಡಲು ಕರೆದಾಗ ವನಜಾಕ್ಷಿ ಮಿಸ್ಸು ಮಾಡಿದ ತಪ್ಪು ಇದೇ. ಇಡೀ ರಾಜ್ಯವೇ ನೋಡುತ್ತದೆ ಎಂದಾಗ ಅವರಿಗೆ ಅದೊಂದು ದೊಡ್ಡ ಇನ್ಸ್‌ಪೆಕ್ಷನ್ ಅನ್ನಿಸಿತು. ನಾಲ್ಕು ತಿಂಗಳು ಅಲ್ಲಿದ್ದು, ಪ್ರತಿಯೊಂದು ಪ್ರಯೋಗವನ್ನೂ ಪಳಗಿಸಿ, ಕೈ ನಡುಗಿದ್ದು, ತಂತಿ ಜಾರಿದ್ದು, ದೀಪ ಹತ್ತದೇ ಹೋದದ್ದು ಎಲ್ಲವನ್ನೂ ತಾವೇ ಹೇಳಿ ತೆಗೆಸಿದರು. ಅರವತ್ತೊಂದನೆಯ ಪ್ರಯೋಗ ಪುಟ್ಟ ಮೋಟಾರು. ಅದು ಹದಿನಾಲ್ಕು ಸಲ ಕೆಟ್ಟು ಹದಿನೈದನೆಯ ಸಲ ತಿರುಗಿತು. ದಾಖಲು ಮಾಡುತ್ತಿದ್ದ ನಸೀಮಾ ಎಂಬ ಹುಡುಗಿ, "ಕೆಟ್ಟಿದ್ದೂ ಇರ್ಲಿ ಬಿಡಿ ಮಿಸ್, ಚೆನ್ನಾಗಿದೆ," ಅಂದಿದ್ದಳು.

"ಅಯ್ಯೋ, ಮಾನ ಹೋಗುತ್ತೆ ಕಣಮ್ಮ, ತೆಗಿ," ಅಂದಿದ್ದರು ಮಿಸ್ಸು.

ಹಾಗೆ ನಾಡಿನ ಮಕ್ಕಳೆಲ್ಲ ಹದಿನೆಂಟು ವರ್ಷ ಇನ್ಸ್‌ಪೆಕ್ಷನ್ ದಿನದ ಪಾಠವನ್ನೇ ಕಲಿತರು.

ಸೈಕಲ್ಲಿನ ಚೈನಿನ ಪ್ರಸಂಗವಾದ ಹದಿನೈದು ದಿನಕ್ಕೆ ಇಲಾಖೆಯಿಂದ ಕಾಗದ ಬಂತು. ಮಿಸ್ಸಿನ ಕೈಯ ದಾಖಲೆ ಬಳಸಲು ಅವರು ಕೊಟ್ಟ ಒಪ್ಪಿಗೆ ಈ ವರ್ಷಕ್ಕೆ ಮುಗಿಯುತ್ತದೆ, ಇನ್ನೊಂದು ಹದಿನೆಂಟು ವರ್ಷಕ್ಕೆ ಸಹಿ ಹಾಕಬೇಕು. ಜೊತೆಗೊಂದು ಮಾತು: ಒಂದರಿಂದ ಐದನೇ ಕ್ಲಾಸಿನವರೆಗೆ ವಾರಕ್ಕೆ ಎರಡು ಪೀರಿಯಡ್ ಗ್ಲೌಸಿಲ್ಲದೆ, ನಿಜವಾದ ಸಾಮಾನು ಕೊಟ್ಟು ಮಕ್ಕಳ ಕೈಯಿಂದಲೇ ವಿಜ್ಞಾನ ಮಾಡಿಸಬೇಕೆಂದು ಕೆಲವರು ಇಲಾಖೆಯ ಸಮಿತಿಗೆ ಅರ್ಜಿ ಹಾಕಿದ್ದಾರೆ; ತಮ್ಮ ಸಹಿ ಬಂದರೆ ಅದರ ಅಗತ್ಯ ಬೀಳುವುದಿಲ್ಲ.

"ಹಾಕ್ಬೇಡ ಬುಡು ಅತ್ಲಾಗೆ," ಎಂದರು ರುದ್ರೇಶಪ್ಪ.

"ಹಾಕ್ದಿದ್ರೆ ಏನಾಗುತ್ತೆ? ಇನ್ಯಾರ್ದೋ ಕೈ ತಗೋತಾರೆ. ನನ್ನ ತಪ್ಪು ನಾನೇ ಸರಿ ಮಾಡ್ಬೇಕು."

"ಮಾಡಿದ್ದುಣ್ಣೋ ಮಹಾರಾಯ ಅಂತ ನಿನ್ನ ನೋಡೇ ಹೇಳಿದ್ದು."

ಮಿಸ್ಸು ಇಂಚರಳನ್ನು ಕರೆದುಕೊಂಡು ಮೈಸೂರಿಗೆ ರೈಲು ಹತ್ತಿದರು. ನಸೀಮಾ ಈಗ ಆ ಪ್ರಯೋಗಾಲಯದ ಮುಖ್ಯಸ್ಥೆ, ಕನ್ನಡಕ ಬಂದಿದೆ. ಮಿಸ್ಸನ್ನು ಕಂಡು ಓಡಿ ಬಂದು ಕೈ ಹಿಡಿದುಕೊಂಡಳು.

"ನಸೀಮಾ, ಅವತ್ತು ತೆಗೆಸಿದ್ನಲ್ಲ, ಕೆಟ್ಟಿದ್ದು. ಅವನ್ನ ಈಗ ಸೇರ್ಸಮ್ಮ."

"ಅವೆಲ್ಲ ಅವತ್ತೇ ಅಳಿಸಿಬಿಟ್ವಲ್ಲ ಮಿಸ್. ನೀವೇ ನಿಂತು ಅಳಿಸಿದ್ರಿ."

"ಹಾಗಾದ್ರೆ ಹೊಸ್ದಾಗಿ ಕೆಡಿಸ್ತೀನಿ. ತಗೊಂಡು ಬಾ ಗ್ಲೌಸು."

ಮೋಟಾರು ಬಹಳ ಸರಳವಾದದ್ದು. ಬ್ಯಾಟರಿಯ ಎರಡು ತುದಿಗೆ ಎರಡು ಸೇಫ್ಟಿ ಪಿನ್ನು ನಿಲ್ಲಿಸಿ ರಬ್ಬರ್ ಬ್ಯಾಂಡು ಹಾಕುವುದು. ಪಿನ್ನುಗಳ ಕಣ್ಣಿನೊಳಗೆ ತಾಮ್ರದ ತಂತಿಯ ಸುರುಳಿ ಕೂರಿಸಿ ಕೆಳಗೊಂದು ಅಯಸ್ಕಾಂತ ಇಟ್ಟರೆ ಸುರುಳಿ ಗಿರಗಿರ ತಿರುಗುತ್ತದೆ. ತಂತಿಯ ಮೇಲೆ ಅರಗಿನ ಲೇಪ ಇರುತ್ತದೆ. ಒಂದು ತುದಿಯಲ್ಲಿ ಅದನ್ನು ಪೂರ್ತಿ ಕೆರೆಯಬೇಕು, ಇನ್ನೊಂದು ತುದಿಯಲ್ಲಿ ಅರ್ಧ ಮಾತ್ರ. ಮಿಸ್ಸು ಬೇಕೆಂದೇ ಸರಿಯಾಗಿ ಕೆರೆಯದೆ ಬಿಟ್ಟರು. ಸುರುಳಿ ತಿರುಗಲಿಲ್ಲ. ಆಮೇಲೆ ಬ್ಯಾಟರಿ ಅದುಮಿ ನೋಡಿ, ಅಯಸ್ಕಾಂತ ಸರಿಸಿ ನೋಡಿ, ಕೊನೆಗೆ ತಂತಿಯ ತುದಿ ಕೆರೆದು ತಿರುಗಿಸಿದರು. ಎಲ್ಲ ದಾಖಲಾಯಿತು.

ಗ್ಲೌಸನ್ನು ಇಂಚರಳ ಕೈಗೆ ಹಾಕಿ ಏಳು ಸಲ ಆಡಿಸಿದರು. ಅವಳ ಕೈ ಅಜ್ಜಿಯ ಹಾಗೇ ಕೆಡಿಸಿತು, ಅಜ್ಜಿಯ ಹಾಗೇ ಹುಡುಕಿ ತಿರುಗಿಸಿತು. ಮಿಸ್ಸು ಮಕ್ಕಳ ಹಾಗೆ ಚಪ್ಪಾಳೆ ಹೊಡೆದರು. ಆಮೇಲೆ ನಸೀಮಾ ಗ್ಲೌಸು ಬಿಚ್ಚಿಸಿ ಇನ್ನೊಂದು ಕೆಟ್ಟ ಮೋಟಾರನ್ನು ಮುಂದಿಟ್ಟಳು. ಅದರಲ್ಲಿ ತಂತಿ ಸರಿಯಾಗಿಯೇ ಇತ್ತು, ರಬ್ಬರ್ ಬ್ಯಾಂಡು ಸಡಿಲವಾಗಿ ಪಿನ್ನು ಬ್ಯಾಟರಿಗೆ ತಾಕುತ್ತಿರಲಿಲ್ಲ. ಯಾರ ಕಣ್ಣಿಗಾದರೂ ಕಾಣುವಂತಿತ್ತು. ಇಂಚರಳ ಕೈ ಬ್ಯಾಟರಿ ಅದುಮಿತು, ಅಯಸ್ಕಾಂತ ಸರಿಸಿತು, ಕೆರೆದಿದ್ದ ತಂತಿಯನ್ನೇ ಮತ್ತೆ ಕೆರೆಯಿತು. ತಿರುಗಲಿಲ್ಲ. ಎರಡೂ ಕೈ ತೊಡೆಯ ಮೇಲೆ ಬಂದು ಅಂಗಾತವಾದವು.

"ಕೆಡೋದೂ ಒಂದು ಪಾಠ ಆಗೋಯ್ತು ಮಿಸ್," ಎಂದಳು ನಸೀಮಾ ಮೆಲ್ಲಗೆ. "ನೀವು ಹುಡುಕಿದ್ದನ್ನ ಗ್ಲೌಸು ಕಲಿಸುತ್ತೆ. ಹುಡುಕೋದನ್ನ ಕಲಿಸಕ್ಕೆ ಇದಕ್ಕೆ ಬರಲ್ಲ. ನಾನು ಹತ್ತು ವರ್ಷದಿಂದ ಒದ್ದಾಡ್ತಿದೀನಿ."

ರೈಲಿನಲ್ಲಿ ವಾಪಸು ಬರುವಾಗ ಮೊಮ್ಮಗಳು ತೊಡೆಯ ಮೇಲೆ ಮಲಗಿದ್ದಳು. ಮಿಸ್ಸು ಅವಳ ಬೆರಳುಗಳನ್ನು ಒಂದೊಂದಾಗಿ ನೀವುತ್ತಾ ಬಂದರು. ಈ ಮಗುವಿನ ಕೈಗೆ ತಾನೇ ಜೀವ ಕೊಡಬೇಕು, ಕೊಡುವ ದಾರಿ ಮಾತ್ರ ತಿಳಿಯದು. ತೀಟೆ ತೀರದ ಆ ಹಳೆ ಶನಿವಾರಗಳು ಕಣ್ಣ ಮುಂದೆ ಬಂದವು. ಹೊಳೆನರಸೀಪುರ ದಾಟುವ ಹೊತ್ತಿಗೆ ಒಂದು ನಿರ್ಧಾರಕ್ಕೆ ಬಂದಿದ್ದರು.

ಮನೆಗೆ ಬಂದವರೇ ಇಲಾಖೆಗೆ ಬರೆದರು: ಸಹಿ ಬೇಕಾದರೆ ಸಮಿತಿಯವರು ನಮ್ಮ ಶಾಲೆಗೆ ಬಂದು ನನ್ನ ಒಂದು ಪಾಠ ನೋಡಬೇಕು. ಗ್ಲೌಸಿಲ್ಲದ ಪಾಠ. ನೋಡಿದ ಮೇಲೂ ನೀವು ಕೇಳಿದರೆ ಹಾಕುತ್ತೇನೆ.

"ಒಂದ್ಸಲ ಮಾಡಿ ನೋಡ್ಕೊಂಡಿಲ್ವಾ?" ಎಂದು ಪಾಠದ ಹಿಂದಿನ ದಿನ ರುದ್ರೇಶಪ್ಪ ಕೇಳಿದರು.

"ಇಲ್ಲ. ಈ ಸಲ ನೋಡ್ಕೊಳ್ಳಲ್ಲ."

"ಅಲ್ವೇ, ಜನ್ಮದಲ್ಲಿ ಇನ್ಸ್‌ಪೆಕ್ಷನ್‌ಗೆ ನೀನು ಹಾಗೆ ಹೋದವಳಲ್ಲ! ಕೈಕೊಟ್ರೆ?"

"ಕೈಕೊಟ್ರೆ ಕೊಡ್ಲಿ," ಎಂದರು ಮಿಸ್ಸು. ಸಾಮಾನೆಲ್ಲ ಮನೆಯಲ್ಲಿತ್ತು, ಪಿನ್ನು ಮಾತ್ರ ಇರಲಿಲ್ಲ. ಬೆಳಿಗ್ಗೆ ಅಂಗಡಿಯಿಂದ ತರುವ ಕೆಲಸ ಗಂಡನ ಪಾಲಿಗೆ ಬಂತು.

ಸಮಿತಿಯಿಂದ ಮೂವರು ಬಂದರು. ಕಾರ್ಯದರ್ಶಿ ಸಂಹಿತಾ ಎಂಬ ಇಪ್ಪತ್ತೇಳರ ಹೆಣ್ಣುಮಗಳು, ಗ್ಲೌಸಿನ ಮೊದಲ ಬ್ಯಾಚಿನವಳು. ಕಾಫಿ ಲೋಟ ಹಿಡಿದಾಗ ಅವಳ ಕಿರುಬೆರಳೂ ಎದ್ದು ನಿಂತಿದ್ದನ್ನು ಮಿಸ್ಸು ಕಂಡರು. "ನಿಮ್ಮ ಕೈಯಲ್ಲೇ ಕಲಿತೋಳು ನಾನು ಮಿಸ್," ಎಂದು ಆಕೆ ಸಂಕೋಚದಿಂದ ನಕ್ಕಳು.

ನಾಲ್ಕನೇ ಕ್ಲಾಸಿನಲ್ಲಿ ಹದಿಮೂರು ಮಕ್ಕಳು. ಎಲ್ಲರಿಗೂ ಬ್ಯಾಟರಿ, ತಂತಿ, ಅಯಸ್ಕಾಂತ, ರಬ್ಬರ್ ಬ್ಯಾಂಡು, ಪಿನ್ನು ಹಂಚಿದರು. ಪಿನ್ನು ಮಾತ್ರ ಎರಡು ಕಮ್ಮಿ ಬಿತ್ತು. ಕೊನೆಯ ಬೆಂಚಿನ ಸಾನಿಯಾ ಎಂಬ ಹುಡುಗಿ ತನ್ನ ಲಂಗದ ಅಂಚು ಬಿಚ್ಚಿದ್ದಕ್ಕೆ ಅಮ್ಮ ಚುಚ್ಚಿಕೊಟ್ಟಿದ್ದ ಎರಡು ಪಿನ್ನು ತೆಗೆದುಕೊಂಡಳು. ಮಿಸ್ಸು ಹೇಳಿಕೊಟ್ಟ ಹಾಗೆ ಎಲ್ಲರೂ ಕೂಡಿಸಿದರು. ಕೈಗೆ ಅರವತ್ತೊಂದನೆಯ ಪ್ರಯೋಗ ಗೊತ್ತಿದ್ದದ್ದರಿಂದ ಚಕಚಕ ಆಯಿತು.

ಹನ್ನೆರಡು ಸುರುಳಿ ಅಲ್ಲಾಡಲಿಲ್ಲ.

ಹನ್ನೆರಡು ಜೊತೆ ಕೈ ತೊಡೆಯ ಮೇಲೆ ಇಳಿದವು. ಸಾನಿಯಾಳದ್ದು ಒಂದು ಮಾತ್ರ ಗಿರ್ರೆಂದು ತಿರುಗುತ್ತಿತ್ತು, ಅವಳು ಬಾಯಿಬಿಟ್ಟುಕೊಂಡು ನೋಡುತ್ತಿದ್ದಳು. ಸಮಿತಿಯವರು ಪರಸ್ಪರ ಮುಖ ನೋಡಿಕೊಂಡರು. ಮಿಸ್ಸು ಮಕ್ಕಳ ಕಡೆ ತಿರುಗಿದರು.

"ತಂತಿ ಸರಿಯಾಗಿ ಕೆರೆದಿಲ್ಲ ಕಣ್ರೋ. ಇನ್ನೊಂದ್ಸಲ ಕೆರೀರಿ."

ಕೆರೆದರು. ತಿರುಗಲಿಲ್ಲ. ಮಿಸ್ಸು ತಾವೇ ಇಂಚರಳ ಸುರುಳಿ ತೆಗೆದುಕೊಂಡು ಕೆರೆದು ಕೂರಿಸಿದರು. ನೂರು ಸಲ ಮಾಡಿದ ಕೈ, ರಾಜ್ಯಕ್ಕೆಲ್ಲ ಕಲಿಸಿದ ಕೈ. ತಿರುಗಲೇ ಇಲ್ಲ. ಬಾಗಿಲಲ್ಲಿ ನಿಂತಿದ್ದ ರುದ್ರೇಶಪ್ಪ, "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ," ಎಂದು ಗೊಣಗಿದ್ದು ಕೇಳಿಸಿತು. ಬೇರೆ ದಿನವಾಗಿದ್ದರೆ ಮಿಸ್ಸು ಸರಿಯಾಗಿ ಮಂಗಳಾರತಿ ಎತ್ತುತ್ತಿದ್ದರು.

"ಯಾಕೆ ಮಿಸ್ ತಿರುಗ್ತಿಲ್ಲ?" ಎಂದು ಒಂದು ಮಗು ಕೇಳಿತು.

ಮಿಸ್ಸು ಸಮಿತಿಯವರ ಕಡೆ ನೋಡಿದರು, ಮಕ್ಕಳ ಕಡೆ ನೋಡಿದರು. ಮೂವತ್ತಾರು ವರ್ಷದ ಮಾಸ್ತರಿಕೆಯಲ್ಲಿ ಇನ್ಸ್‌ಪೆಕ್ಷನ್ ದಿನ ಒಮ್ಮೆಯೂ ಆಡದ ಮಾತು ಬಾಯಿಗೆ ಬಂತು.

"ಗೊತ್ತಿಲ್ಲ ಮಗಾ. ನನಗೂ ಗೊತ್ತಾಗ್ತಿಲ್ಲ."

ಇಂಚರ ಅಭ್ಯಾಸದಂತೆ ಅಜ್ಜಿಯ ಕೈ ಹಿಡಿಯಲು ಬಂದವಳು ಅಲ್ಲೇ ನಿಂತು ಮುಖ ನೋಡಿದಳು. ಅಜ್ಜಿಗೆ ಗೊತ್ತಿಲ್ಲದ್ದೂ ಒಂದು ಇದೆ ಎಂದು ಅವಳಿಗೆ ನಂಬಿಕೆಯೇ ಬರಲಿಲ್ಲ. ಗೊತ್ತಿಲ್ಲದ ಕೈ ಹಿಡಿದು ಏನು ಪ್ರಯೋಜನ? ಅವಳು ತಿರುಗಿ ಸಾನಿಯಾಳ ಬೆಂಚಿಗೆ ಹೋದಳು.

"ನಿಂದ್ಯಾಕೆ ತಿರುಗ್ತಿದೆ?"

"ನಂಗೇನ್ ಗೊತ್ತು. ಅದೇ ತಿರುಗ್ತಿದೆ."

"ನಿನ್ನ ಬ್ಯಾಟ್ರಿ ಕೊಡು."

"ಹೋಗೇ, ಕೊಡಲ್ಲ."

"ವಾಪಸ್ ಕೊಡ್ತೀನೇ! ತಾಯಾಣೆ."

ಮಿಸ್ಸಿನ ಕೈ ತಾನಾಗಿ ಮುಂದೆ ಹೋಗಿತ್ತು. ತುಟಿಯವರೆಗೆ ಬಂದ ಮಾತನ್ನೂ ಕೈಯನ್ನೂ ಹಿಂದಕ್ಕೆ ಎಳೆದುಕೊಂಡು ಅವರು ಗೋಡೆಗೆ ಒರಗಿ ನಿಂತರು. ಅಷ್ಟು ಕಷ್ಟದ ಕೆಲಸವನ್ನು ಅವರು ಹಿಂದೆಂದೂ ಮಾಡಿರಲಿಲ್ಲ.

ಇಂಚರ ಸಾನಿಯಾಳ ಬ್ಯಾಟರಿಯನ್ನು ತನ್ನದಕ್ಕೆ ಹಾಕಿದಳು. ತಿರುಗಲಿಲ್ಲ. ಕೈ ಒಂದು ಕ್ಷಣ ತೊಡೆಯ ಕಡೆಗೆ ಇಳಿಯಿತು. ಸಾನಿಯಾ, "ಅಯಸ್ಕಾಂತ ಹಾಕಿ ನೋಡೇ," ಅಂದಳು. ಕೈ ಮೇಲೆ ಬಂತು. ಅಯಸ್ಕಾಂತ ಬದಲಾಯಿಸಿದರು, ಇಲ್ಲ. ಸುರುಳಿ ಬದಲಾಯಿಸಿದರು, ಇಲ್ಲ. ಅಷ್ಟರಲ್ಲಿ ಉಳಿದ ಮಕ್ಕಳೂ ಎದ್ದು ಬಂದು ಆ ಬೆಂಚಿಗೆ ಮುತ್ತಿಕೊಂಡಿದ್ದರು. ತಳ್ಳಾಟ, ಕೂಗಾಟ. ಒಬ್ಬ ಇನ್ನೊಬ್ಬನ ಕಾಲು ತುಳಿದ. ಪಕ್ಕದ ಕ್ಲಾಸಿನ ಟೀಚರು ಬಂದು ಇಣುಕಿ, ಸಮಿತಿಯವರನ್ನು ಕಂಡು ಬೈಯಲಾರದೆ ಹೋದರು.

"ತಂತಿ ಅಲ್ಲ ಅಜ್ಜಿ!" ಎಂದು ಇಂಚರ ಗುಂಪಿನ ಒಳಗಿನಿಂದ ಕಿರುಚಿದಳು. "ತಂತಿ ನಂದೂ ಸರಿ ಇದೆ, ಅವಳ ಪಿನ್ನಲ್ಲಿ ತಿರುಗುತ್ತೆ. ಪಿನ್ನು! ಪಿನ್ನು ಅಜ್ಜಿ!"

ಮಿಸ್ಸು ಒಂದು ಪಿನ್ನು ತೆಗೆದು ಕಣ್ಣ ಹತ್ತಿರ ಹಿಡಿದರು. ಸೀರೆಗೆ ಚುಚ್ಚುವ, ಬಂಗಾರದ ಬಣ್ಣದ ಮೆರುಗೆಣ್ಣೆ ಹಚ್ಚಿದ ಪಿನ್ನು. ಆ ಲೇಪದ ಮೇಲೆ ವಿದ್ಯುತ್ತು ಹರಿಯುವುದಾದರೂ ಹೇಗೆ? ಬಾಗಿಲ ಕಡೆ ತಿರುಗಿ ಗಂಡನನ್ನು ದುರುಗುಟ್ಟಿ ನೋಡಿದರು.

"ಹೊಳೀತಿದ್ವು, ಚೆನ್ನಾಗಿರುತ್ತೆ ಅಂತ ತಂದೆ," ಎಂದರು ರುದ್ರೇಶಪ್ಪ ಪೆಚ್ಚಾಗಿ.

"ಬೆಳ್ಳಗಿರೋದೆಲ್ಲ ಹಾಲು ಅನ್ನೋರು ನೀವು," ಎಂದರು ಮಿಸ್ಸು. ಹೇಳುತ್ತಾ ಹೇಳುತ್ತಾ ನಗು ಬಂತು, ನಗುವಿನ ಹಿಂದೆ ಅಳುವೂ ಬಂತು. ತಾನು ವಾರಗಟ್ಟಲೆ ಪಳಗಿಸಿದ್ದರೆ ಈ ಪಿನ್ನು ಇಲ್ಲಿಗೆ ಬರುತ್ತಲೇ ಇರಲಿಲ್ಲ ಎಂದು ಅವರಿಗೆ ಹೊಳೆದಿತ್ತು.

ಮಕ್ಕಳು ಪಿನ್ನುಗಳನ್ನು ಸಿಮೆಂಟು ನೆಲಕ್ಕೆ ಉಜ್ಜಿದರು, ಗೋಡೆಗೆ ಉಜ್ಜಿದರು, ಒಬ್ಬ ಹಲ್ಲಿನಿಂದ ಕೆರೆಯಲು ಹೋಗಿ ಬೈಸಿಕೊಂಡ. ಒಂದು ತಿರುಗಿತು. ಎರಡು ತಿರುಗಿದವು. ಎಲ್ಲಕ್ಕಿಂತ ಜೋರಾಗಿ ಇಂಚರಳದ್ದು ತಿರುಗಿತು. ಕ್ಲಾಸು ಸೂರು ಕಿತ್ತುಹೋಗುವ ಹಾಗೆ ಕೂಗಿಕೊಂಡಿತು. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು, ಯಾರೂ ಅಲುಗಲಿಲ್ಲ.

ಸಂಹಿತಾ ಯಾವಾಗಲೋ ಕುರ್ಚಿ ಬಿಟ್ಟು ಬಂದು ಮಕ್ಕಳ ನಡುವೆ ಕುಕ್ಕರುಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಮಿಸ್ಸು ಸಹಿ ಹಾಕಬೇಕಿದ್ದ ಕಾಗದ. ಅದನ್ನು ನಾಲ್ಕಾಗಿ ಮಡಚಿ ಬ್ಯಾಗಿನೊಳಗೆ ಹಾಕಿಕೊಂಡಳು.

"ಇದನ್ನ ಕೇಳಲ್ಲ ಮಿಸ್. ಎರಡು ಪೀರಿಯಡ್ ಅಂತ ಅರ್ಜಿಯಲ್ಲಿದೆ, ಬರೋ ಜೂನಿಂದ ಹಾಕಿಸ್ತೀನಿ. ಜಗಳ ಆಡಾದ್ರೂ ಹಾಕಿಸ್ತೀನಿ." ಆಮೇಲೆ ದನಿ ತಗ್ಗಿಸಿ, "ನನ್ನ ಯಾರೂ ಹೀಗೆ ಬಿಡ್ಲಿಲ್ಲ," ಎಂದಳು.

"ನಾನೇ ಕಣಮ್ಮ ಬಿಡದವಳು," ಎಂದರು ಮಿಸ್ಸು.

ಅಷ್ಟು ಹೊತ್ತಿಗೆ ಇಂಚರ, ಚೆನ್ನಾಗಿ ತಿರುಗುತ್ತಿದ್ದ ತನ್ನ ಮೋಟಾರಿನಿಂದ ಸುರುಳಿಯನ್ನು ಕಿತ್ತು ತೆಗೆದಳು. ರಬ್ಬರ್ ಬ್ಯಾಂಡು ಬಿಚ್ಚಿದಳು, ಪಿನ್ನು ಕಿತ್ತಳು.

"ಅಯ್ಯೋ, ಯಾಕೆ ಪುಟ್ಟಿ? ಎಷ್ಟು ಚೆನ್ನಾಗಿ ತಿರುಗ್ತಿತ್ತಲ್ಲ!" ಎಂದಳು ಸಂಹಿತಾ.

ಇಂಚರ ತಲೆ ಎತ್ತಲಿಲ್ಲ. "ಇರಿ ಆಂಟಿ," ಎಂದಳು. "ಇನ್ನೊಂದ್ ಥರ ಕೆಡಿಸಿ ನೋಡ್ತೀನಿ."